ಬಡಾವಣೆ ರಸ್ತೆಗೆ ರಬ್ಬರ್ ಹಂಪ್, ಬೋರ್ಡು, ಕನ್ನಡಿ: ಯಾವುದಕ್ಕೆ ದುಡ್ಡು ಹಾಕಬೇಕು?

ಬಡಾವಣೆಯೊಳಗೆ ಗಾಡಿಗಳ ವೇಗ ಇಳಿಸಬೇಕು ಎಂದಾಗ ನಿವಾಸಿಗಳ ಸಂಘಗಳು ಮೊದಲು ನೋಡುವುದು ಹಳದಿ-ಕಪ್ಪು ಪಟ್ಟಿಯ ರಬ್ಬರ್ ಹಂಪ್. ಆನ್‌ಲೈನ್‌ನಲ್ಲಿ ತರಿಸಬಹುದು, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲೂ ಕೇಳಬಹುದು. ಡ್ರಿಲ್ ಇರುವ ಇಬ್ಬರು ಅರ್ಧ ದಿನದಲ್ಲಿ ಕೂರಿಸಿ ಹೋಗುತ್ತಾರೆ. ಜೊತೆಗೆ ‘30’ ಎಂದು ಬರೆದ ಒಂದು ಬೋರ್ಡು, ತಿರುವಿನಲ್ಲೊಂದು ಉಬ್ಬುಗನ್ನಡಿ, ಸೋಲಾರ್ ಮಿಣುಕುದೀಪ. ಮಾರುಕಟ್ಟೆಯಲ್ಲಿ ಸಿಗುವ ಈ ಸಾಮಾನುಗಳಲ್ಲಿ ಯಾವುದು ವೇಗ ಇಳಿಸುತ್ತದೆ, ಯಾವುದು ಎಷ್ಟು ದಿನ ಬಾಳುತ್ತದೆ ಎಂಬ ಪರಿಶೀಲನೆ ಇದು. ಬೆಂಗಳೂರಿನ 30 ಮತ್ತು 40 ಅಡಿ ರಸ್ತೆಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇವೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಬಡಾವಣೆಗಳಿಗೂ ಇದೇ ಅಳತೆಗಳು ಸಲ್ಲುತ್ತವೆ. ದರಗಳನ್ನು ಕೊಟ್ಟಿಲ್ಲ, ಅವು ಊರು ಮತ್ತು ಆರ್ಡರಿನ ಗಾತ್ರ ನೋಡಿಕೊಂಡು ಬದಲಾಗುತ್ತವೆ. ಕೊಟೇಷನ್‌ನಲ್ಲಿ ಏನೇನು ಬರೆಸಿಕೊಳ್ಳಬೇಕು ಎನ್ನುವುದನ್ನು ಕೊಟ್ಟಿದ್ದೇವೆ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ರಬ್ಬರ್ ಹಂಪ್ ಅಪಾರ್ಟ್‌ಮೆಂಟ್ ಗೇಟಿನ ಒಳಗೆ ಮತ್ತು ಬೇಸ್‌ಮೆಂಟ್ ರ‍್ಯಾಂಪಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಓಡಾಟದ ರಸ್ತೆಗೆ ಅದು ಬೇಡ. ಅಲ್ಲಿಗೆ ಅಳತೆ ಹಿಡಿದು ಹಾಕಿದ ಡಾಂಬರು ಹಂಪೇ ಆಗಬೇಕು.

ಖರೀದಿಗೆ ಮೊದಲು ವೇಗ ಅಳೆಯಿರಿ

‘ಇಲ್ಲಿ ಎಲ್ಲರೂ ಜೋರಾಗಿ ಹೋಗುತ್ತಾರೆ’ ಎಂಬ ಮಾತು ಅರ್ಜಿಯಲ್ಲಿ ನಿಲ್ಲುವುದಿಲ್ಲ. ರಸ್ತೆಯ ನೇರ ಭಾಗದಲ್ಲಿ 25 ಮೀಟರ್ ಅಂತರಕ್ಕೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯಿರಿ. ಎರಡೂ ಗೆರೆ ಕಾಣುವಂತೆ ಮಹಡಿಯಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದು, ಮುಂದಿನ ಚಕ್ರ ಗೆರೆಯಿಂದ ಗೆರೆಗೆ ಬರಲು ಹಿಡಿದ ಸಮಯ ಗುರುತು ಮಾಡಿಕೊಳ್ಳಿ. 3 ಸೆಕೆಂಡ್ ಆದರೆ ವೇಗ ಗಂಟೆಗೆ 30 ಕಿ.ಮೀ., 2.25 ಸೆಕೆಂಡ್ ಆದರೆ 40, 1.8 ಸೆಕೆಂಡ್ ಆದರೆ 50. ನೂರು ಗಾಡಿಗಳನ್ನು ಕಡಿಮೆ ವೇಗದಿಂದ ಹೆಚ್ಚಿನದಕ್ಕೆ ಜೋಡಿಸಿ 85ನೆಯದನ್ನು ನೋಡಿ. ಸಂಚಾರ ಎಂಜಿನಿಯರ್‌ಗಳು ನೋಡುವುದೂ ಈ ಅಂಕಿಯನ್ನೇ. ಬೆಳಿಗ್ಗೆ ಶಾಲಾ ಸಮಯದ್ದು ಒಂದು, ರಾತ್ರಿ ರಸ್ತೆ ಖಾಲಿಯಾದ ಮೇಲಿನದ್ದು ಇನ್ನೊಂದು ಬೇರೆಬೇರೆ ಬರೆದಿಡಿ.

30 ಎಂಬ ಅಂಕಿಗೆ ಕಾರಣವಿದೆ. ಗಂಟೆಗೆ 30 ಕಿ.ಮೀ. ವೇಗದ ಕಾರಿನ ಎದುರು ಮಗುವೊಂದು ಅಡ್ಡ ಬಂತು ಅಂದುಕೊಳ್ಳಿ. ಚಾಲಕ ಗಮನಿಸಿ ಕಾಲು ಒತ್ತಲು ಒಂದು ಸೆಕೆಂಡ್, ಆಮೇಲೆ ಒಣ ರಸ್ತೆಯಲ್ಲಿ ಗಟ್ಟಿ ಬ್ರೇಕ್. ಎಲ್ಲ ಸೇರಿ ಸುಮಾರು 13 ಮೀಟರ್‌ನಲ್ಲಿ ಕಾರು ನಿಲ್ಲುತ್ತದೆ. 50ರಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಓಡಿರುತ್ತದೆ. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದಕ್ಕೆ ಬ್ರೇಕೇ ಬಿದ್ದಿರುವುದಿಲ್ಲ. ಅದು ನಿಲ್ಲುವುದು 28 ಮೀಟರ್ ಹತ್ತಿರ.

ರಬ್ಬರ್ ಹಂಪ್: ಎಲ್ಲಿ ಸರಿ, ಎಲ್ಲಿ ತಪ್ಪು

ಸಾಮಾನ್ಯವಾಗಿ ಸಿಗುವ ತುಂಡಿನ ಅಳತೆ 500 ಮಿ.ಮೀ. ಉದ್ದ, 350 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. 75 ಮಿ.ಮೀ. ಎತ್ತರದ್ದೂ ಉಂಟು. 6 ಮೀಟರ್ ಡಾಂಬರು ಅಗಲಕ್ಕೆ ನಡುವಿನ 11 ತುಂಡು, ಎರಡು ತುದಿಗೆ ಅರ್ಧಚಂದ್ರದ ಮುಚ್ಚಳ ಬೇಕು. ತುಂಡಿಗೆ ನಾಲ್ಕು ಬೋಲ್ಟಿನಂತೆ ನಡುವಿನವಕ್ಕೇ 44 ಬೋಲ್ಟು.

ಅದರ ತೊಡಕು ಇರುವುದು 350 ಮಿ.ಮೀ. ಅಗಲದಲ್ಲೇ. ಇಷ್ಟು ಕಿರಿದಾದ ಉಬ್ಬನ್ನು ನಿಧಾನವಾಗಿ ದಾಟಿದರೆ ಸ್ಕೂಟರು, ಆಟೋ, ಸೈಕಲ್ಲು ಎಲ್ಲಕ್ಕೂ ಗಟ್ಟಿ ಕುಲುಕು. ಜೋರಾಗಿ ದಾಟುವ ದೊಡ್ಡ ಕಾರಿನಲ್ಲಿ ಟೈರು ಮತ್ತು ಸಸ್ಪೆನ್ಷನ್ ಅದನ್ನು ನುಂಗಿಬಿಡುತ್ತವೆ, ಒಳಗೆ ಕೂತವರಿಗೆ ‘ಟಪ್’ ಎಂಬ ಸದ್ದಷ್ಟೇ. ಯಾರನ್ನು ತಡೆಯಬೇಕಿತ್ತೋ ಅವರು ಪಾರಾಗುತ್ತಾರೆ, ಬೆನ್ನುನೋವಿನ ಅಜ್ಜಿ ಕೂತ ಆಟೋ ನರಳುತ್ತದೆ. ಗೇಟಿನ ಹತ್ತಿರ ಈ ದೋಷ ಬಾಧಿಸುವುದಿಲ್ಲ, ಅಲ್ಲಿ ಹೇಗೂ ಎಲ್ಲರೂ ಗಂಟೆಗೆ ಹತ್ತು ಕಿ.ಮೀ. ಆಸುಪಾಸಿನಲ್ಲಿ ಇರುತ್ತಾರೆ.

ಎರಡನೆಯ ತೊಡಕು ಬೋಲ್ಟಿನದು. ಅಡ್ಡರಸ್ತೆಗಳಲ್ಲಿ ಡಾಂಬರಿನ ಪದರ ಎಷ್ಟೋ ಕಡೆ ಒಂದೆರಡು ಇಂಚಷ್ಟೇ, ಕೆಳಗೆ ಜಲ್ಲಿ. ಹಿಗ್ಗಿ ಹಿಡಿಯುವ ಆಂಕರ್ ಬೋಲ್ಟಿಗೆ ಅಲ್ಲಿ ಹಿಡಿತವೇ ಸಿಗದು. ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗುತ್ತದೆ, ತುಂಡು ಅಲುಗಾಡುತ್ತದೆ, ಒಂದು ಬೋಲ್ಟು ಮೇಲೇಳುತ್ತದೆ, ತುಂಡು ಕಿತ್ತುಹೋಗುತ್ತದೆ. ಉಳಿದ ಮೊಂಡು ಬೋಲ್ಟು ರಾತ್ರಿ ಬೈಕಿನ ಟೈರಿಗೆ ಕಾದಿರುತ್ತದೆ. ಆರ್ಡರ್ ಮಾಡುವ ಮೊದಲು ಒಂದೇ ಒಂದು ತೂತು ಕೊರೆದು ನೋಡಿ. ಕಪ್ಪು ಪುಡಿಯ ಹಿಂದೆಯೇ ಕೆಂಪು ಮಣ್ಣು, ಜಲ್ಲಿ ಬಂದರೆ ಆ ರಸ್ತೆಗೆ ಬೋಲ್ಟಿನ ಯಾವ ಸಾಮಾನೂ ಬೇಡ. ಕಾಂಕ್ರೀಟ್ ನೆಲದಲ್ಲಿ 12 ಮಿ.ಮೀ. ಆಂಕರ್ 100 ಮಿ.ಮೀ. ಒಳಗೆ ಹೋದರೆ ಭದ್ರವಾಗಿ ಕೂರುತ್ತದೆ. ಕೆಮಿಕಲ್ ಆಂಕರ್ (ತೂತಿನಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟು) ಬಳಸಿದರೆ ಇನ್ನೂ ಒಳ್ಳೆಯದು. ಆದರೆ ತೂತನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ, ಮತ್ತೆ ಉಜ್ಜಿ ಊದಬೇಕು. ಒಳಗೆ ಪುಡಿ ಉಳಿದರೆ ಅಂಟು ಗೋಡೆಗೆ ಹಿಡಿಯದೆ ಪುಡಿಗೆ ಹಿಡಿಯುತ್ತದೆ. ಆಂಕರ್ ಕಿತ್ತುಬರುವುದು ಬಹುಪಾಲು ಈ ಕಾರಣಕ್ಕೇ.

ಕೊಳ್ಳುವಾಗ ತುಂಡಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಪುಡಿ ಉದುರಿದರೆ ಹಳೆ ಟೈರಿನ ಚೂರನ್ನು ಸರಿಯಾಗಿ ಒತ್ತದೆ ಮಾಡಿದ್ದು. ಹಳದಿ ಭಾಗ ಮೇಲೆ ಬಳಿದ ಬಣ್ಣವೋ, ಅಚ್ಚಿನಲ್ಲೇ ಸೇರಿಸಿದ ಹಳದಿ ರಬ್ಬರೋ ಎಂದು ಕೇಳಿ. ಬಳಿದ ಬಣ್ಣ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸವೆಯುತ್ತದೆ, ಆಮೇಲೆ ಕತ್ತಲಲ್ಲಿ ಕಪ್ಪು ರಸ್ತೆಯ ಮೇಲೊಂದು ಕಪ್ಪು ದಿಣ್ಣೆ.

ಡಾಂಬರು ಹಂಪ್: ಅಳತೆಯೇ ಎಲ್ಲ

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಎಂಬ ಕೈಪಿಡಿ 1988ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆಯಾಯಿತು. ಅದು ಕೊಟ್ಟ ಮೂಲ ಅಳತೆ ಹೀಗಿದೆ: ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ದಾಟಲು ಹಿತವಾದ ವೇಗ ಗಂಟೆಗೆ 25 ಕಿ.ಮೀ. 12 ಅಡಿ ಅಗಲ, 4 ಇಂಚು ಎತ್ತರದ ಈ ಆಕಾರ 1970ರ ದಶಕದಲ್ಲಿ ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯದ ಪರೀಕ್ಷೆಗಳಿಂದ ಬಂದದ್ದು, ಅದಕ್ಕೆ ಈಗಲೂ ‘ವಾಟ್ಸ್ ಹಂಪ್’ ಎಂದೇ ಹೆಸರು.

ಈ ಆಕಾರದ ಗುಣ ನೋಡಿ. ಸಣ್ಣ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಸುಮಾರು ಎರಡೂವರೆ ಮೀಟರ್ ಇರುತ್ತದೆ. ಹಂಪ್ ಅದಕ್ಕಿಂತ ಅಗಲ, ಹಾಗಾಗಿ ಇಡೀ ಕಾರು ಅದರ ಮೇಲೇರಿ ಇಳಿಯುತ್ತದೆ. 25ರಲ್ಲಿ ತೊಟ್ಟಿಲಿನಂತೆ ತೂಗುತ್ತದೆ, 40 ದಾಟಿದರೆ ಹೊಟ್ಟೆ ಬಾಯಿಗೆ ಬರುತ್ತದೆ. ವೇಗ ಹೆಚ್ಚಿದಂತೆ ತೊಂದರೆಯೂ ಹೆಚ್ಚುತ್ತದೆ. ಹಂಪಿನಲ್ಲಿ ಇರಬೇಕಾದ ಗುಣ ಇದೇ, ಕಿರಿದಾದ ರಬ್ಬರಿನಲ್ಲಿ ಇಲ್ಲದ್ದೂ ಇದೇ. ಕಾರಿನ ಹೊಟ್ಟೆಯೂ ಉಜ್ಜುವುದಿಲ್ಲ. 17 ಮೀಟರ್ ಕಮಾನಿನ ಮೇಲೆ ಎರಡೂವರೆ ಮೀಟರ್ ಅಂತರದ ಗಾಲಿಗಳ ನಡುವೆ ರಸ್ತೆ ಮೇಲೇಳುವುದು ಐದು ಸೆಂ.ಮೀ.ಗೂ ಕಡಿಮೆ. ಉಜ್ಜುವುದು ರಾತ್ರೋರಾತ್ರಿ ಸಿಮೆಂಟ್ ಸುರಿದು ಮಾಡಿದ, ಎರಡಡಿ ಅಗಲದ, ಆರಿಂಚು ಎತ್ತರದ ಗುಡ್ಡೆಗಳಲ್ಲಿ.

ಗುತ್ತಿಗೆದಾರರು ಕಣ್ಣಳತೆಯಲ್ಲಿ ಸುರಿಯುವುದೇ ನಮ್ಮಲ್ಲಿನ ದೊಡ್ಡ ಪೀಡೆ. ಪ್ಲೈವುಡ್‌ನಲ್ಲಿ ಕಮಾನಿನ ಅಚ್ಚು ಕತ್ತರಿಸಿ ಕೈಲಿಟ್ಟುಕೊಳ್ಳಿ. ನಡುವಿನಿಂದ ಎರಡೂ ಕಡೆಗೆ ಎತ್ತರ ಹೀಗಿರಬೇಕು: ನಡುವೆ 10 ಸೆಂ.ಮೀ., ಅರ್ಧ ಮೀಟರ್ ದೂರದಲ್ಲಿ 9.3, ಒಂದು ಮೀಟರಿಗೆ 7.1, ಒಂದೂವರೆ ಮೀಟರಿಗೆ 3.4, 1.85 ಮೀಟರಿಗೆ ಸೊನ್ನೆ. ಅಚ್ಚಿನ ಕೆಳಗೆ ಒಂದು ಸೆಂ.ಮೀ.ಗಿಂತ ಹೆಚ್ಚು ಸಂದು ಕಂಡರೆ ಬಿಸಿ ಇರುವಾಗಲೇ ತಿದ್ದಿಸಿ. ಮರುದಿನ ಹೇಳಿ ಉಪಯೋಗವಿಲ್ಲ.

6 ಮೀಟರ್ ಅಗಲದ ರಸ್ತೆಗೆ ಒಂದು ಹಂಪಿಗೆ ಸುಮಾರು ಒಂದೂವರೆ ಘನ ಮೀಟರ್, ಅಂದರೆ ಸರಿಸುಮಾರು ಮೂರೂವರೆ ಟನ್ ಹಾಟ್‌ಮಿಕ್ಸ್ (ಬಿಸಿ ಡಾಂಬರು-ಜಲ್ಲಿ ಮಿಶ್ರಣ) ಬೇಕು. ಒಂದೇ ಹಂಪಿಗೆ ಲಾರಿ ತರಿಸಿದರೆ ಮಾಲು ದಾರಿಯಲ್ಲೇ ತಣಿಯುತ್ತದೆ. ಹತ್ತಿರದಲ್ಲಿ ಡಾಂಬರೀಕರಣ ನಡೆಯುವ ದಿನವೇ ನಾಲ್ಕೈದು ಹಂಪ್ ಒಟ್ಟಿಗೆ ಮುಗಿಸುವುದು ಜಾಣತನ. ಹಳೆ ರಸ್ತೆಯನ್ನು ಗುಡಿಸಿ, ಒಣಗಿಸಿ, ಪ್ರತಿ ಚದರ ಮೀಟರಿಗೆ ಕಾಲು ಕೆ.ಜಿ.ಯಂತೆ ಟ್ಯಾಕ್ ಕೋಟ್ (ಹೊಸ ಪದರ ಅಂಟಲು ಬಳಿಯುವ ಡಾಂಬರಿನ ಎಮಲ್ಷನ್) ಹೊಡೆಯಬೇಕು. ಒಂದು ಹಂಪಿಗೆ ಐದೂವರೆ ಕೆ.ಜಿ. ಸಾಕು. ಎಮಲ್ಷನ್ ಕಂದು ಬಣ್ಣದಿಂದ ಕಪ್ಪಿಗೆ ತಿರುಗಿದ ಮೇಲೆಯೇ ಮಾಲು ಸುರಿಯಬೇಕು. ಎರಡು ಅಂಚುಗಳಲ್ಲಿ ಒಂದಿಂಚು ಆಳದ ತೋಡು ಕತ್ತರಿಸಿ ಮಾಲನ್ನು ಅದರೊಳಗೆ ಕೂರಿಸಿ. ತೋಡು ಇಲ್ಲದಿದ್ದರೆ ತೆಳ್ಳಗಾದ ಅಂಚು ಮೊದಲ ಮಳೆಗೇ ಎದ್ದು, ಅಲ್ಲಿಂದಲೇ ಗುಂಡಿ ಶುರುವಾಗುತ್ತದೆ. ಕೈಯಲ್ಲಿ ಬಡಿದರೆ ಸಾಲದು, ಸಣ್ಣ ರೋಲರ್ ಅಥವಾ ಪ್ಲೇಟ್ ಕಾಂಪ್ಯಾಕ್ಟರ್ ಇರಲೇಬೇಕು.

ಚರಂಡಿ ಪಕ್ಕ ನೀರು ಹರಿಯಲು ಒಂದು ಗೇಣು ಜಾಗ ಬಿಡಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಸ್ಕೂಟರ್‌ಗಳು ಅಲ್ಲೇ ನುಸುಳುತ್ತವೆ, ಅದೂ ಜನ ನಡೆಯುವ ಅಂಚಿನಲ್ಲಿ. ಮ್ಯಾನ್‌ಹೋಲ್ ಮುಚ್ಚಳದ ಮೇಲೆ, ತಿರುವಿನಲ್ಲಿ, ಮನೆಗಳ ಗೇಟಿನ ಎದುರು ಹಂಪ್ ಬೇಡ. ಟಿ-ಜಂಕ್ಷನ್‌ನಲ್ಲಿ ಸಣ್ಣ ರಸ್ತೆಯ ಮೇಲೆ, ದೊಡ್ಡ ರಸ್ತೆಯ ಅಂಚಿನಿಂದ ಸುಮಾರು 5 ಮೀಟರ್ ದೂರದಲ್ಲಿ ಬರಲಿ. ಉದ್ದ ರಸ್ತೆಯಲ್ಲಿ ಒಂದರಿಂದ ಇನ್ನೊಂದಕ್ಕೆ 100ರಿಂದ 120 ಮೀಟರ್. ಒಂದೇ ಹಂಪ್ ಹಾಕಿ ಬಿಟ್ಟರೆ ಅದನ್ನು ದಾಟಿದವರು ಮತ್ತೆ ಆಕ್ಸಿಲರೇಟರ್ ಒತ್ತುತ್ತಾರೆ, ಹತ್ತಿರದ ಮನೆಗಳಿಗೆ ಸದ್ದಿನ ಕಾಟ ಬೇರೆ. ಬಸ್ಸು, ಲಾರಿ ಓಡುವ ರಸ್ತೆಯಾದರೆ ಎರಡೂ ಬದಿಗೆ ಒಂದೂವರೆ ಮೀಟರ್ ಇಳಿಜಾರು ಸೇರಿಸಬೇಕು.

ಹಂಪ್ ಹಾಕಿದ ದಿನವೇ ಬಿಳಿ ಪಟ್ಟಿ ಬೀಳಬೇಕು. ‘ಬಣ್ಣ ನಾಳೆ’ ಎಂದು ಬಿಟ್ಟ ಆ ಒಂದು ರಾತ್ರಿಯೇ ಬೈಕ್ ಸವಾರರು ಬೀಳುವುದು. ಡಬ್ಬದ ರೋಡ್ ಪೇಂಟ್ ಕೆಲವೇ ತಿಂಗಳು ಬಾಳುತ್ತದೆ. ಥರ್ಮೋಪ್ಲಾಸ್ಟಿಕ್ (ಕಾಯಿಸಿ ಬಳಿಯುವ ಪ್ಲಾಸ್ಟಿಕ್ ಬಣ್ಣ) ಕೇಳಿ: ದಪ್ಪ 2.5 ಮಿ.ಮೀ., ಬಿಸಿ ಇರುವಾಗಲೇ ಮೇಲೆ ಚದರ ಮೀಟರಿಗೆ 250 ಗ್ರಾಂ ಗಾಜಿನ ಮಣಿ. ಮಣಿ ಉದುರಿಸದಿದ್ದರೆ ಹಗಲಿನಲ್ಲಿ ಬೆಳ್ಳಗೆ, ಹೆಡ್‌ಲೈಟಿಗೆ ಮಂಕು. ಒಂದು ಹಂಪಿಗೆ ಎಂಟೊಂಬತ್ತು ಚದರ ಮೀಟರ್ ಪಟ್ಟಿ ಬಂದರೆ 25 ಕೆ.ಜಿ.ಯ ಎರಡು ಚೀಲ ಬೇಕಾಗುತ್ತದೆ. ಅರ್ಧ ಚೀಲದಲ್ಲಿ ಮುಗಿಸಿದರೆ ದಪ್ಪ ಇಲ್ಲವೆಂದೇ ಲೆಕ್ಕ.

ಒಂದು ಕೊರತೆ ಹೇಳಲೇಬೇಕು. ಮುಂದೆ ರಸ್ತೆಗೆ ಮರುಡಾಂಬರು ಬಂದಾಗ ಹಳೆ ಹಂಪನ್ನು ಕೆರೆದು ತೆಗೆಯದೆ ಮೇಲೊಂದು ಹಂಪ್ ಕೂರಿಸುತ್ತಾರೆ. ಆಗ ಕಮಾನು ಹೋಗಿ ಗೂನು ಉಳಿಯುತ್ತದೆ. ಪ್ಲೈವುಡ್ ಅಚ್ಚನ್ನು ಸಂಘದ ಕಚೇರಿಯಲ್ಲಿ ಜೋಪಾನವಾಗಿಡಿ.

ಬೋರ್ಡುಗಳು: ಹಾಳೆಯಲ್ಲಿದೆ ಗುಟ್ಟು

ಫ್ಲೆಕ್ಸ್ ಮೇಲೆ ಮುದ್ರಿಸಿದ ‘ನಿಧಾನವಾಗಿ ಚಲಿಸಿ’ ಬೋರ್ಡು ರಾತ್ರಿ ಕಾಣುವುದೇ ಇಲ್ಲ, ಅದಕ್ಕೆ ಒಂದು ರೂಪಾಯಿಯೂ ದಂಡ. ಬೋರ್ಡಿನ ಬೆಲೆಯೆಲ್ಲ ಮೇಲಿನ ಪ್ರತಿಫಲನ ಹಾಳೆಯಲ್ಲಿದೆ. ಎಎಸ್‌ಟಿಎಂ ಡಿ4956 ಎಂಬ ಅಮೆರಿಕದ ಮಾನದಂಡದಲ್ಲಿ ಹಾಳೆಗಳಿಗೆ ಟೈಪ್ ಸಂಖ್ಯೆ ಇದೆ. ಬಿಳಿ ಬಣ್ಣಕ್ಕೆ ಕನಿಷ್ಠ ಹೊಳಪಿನ ಅಂಕ (ಹೆಚ್ಚಿದ್ದಷ್ಟೂ ಹೊಳಪು ಹೆಚ್ಚು) ಟೈಪ್ 1ಕ್ಕೆ 70, ಟೈಪ್ 4ಕ್ಕೆ 360, ಟೈಪ್ 11ಕ್ಕೆ 580. ಬೀದಿದೀಪ ಇರುವ ಬಡಾವಣೆಗೆ ಟೈಪ್ 4 ಸಾಕು, ಟೈಪ್ 11 ಹೆದ್ದಾರಿಯ ದುಡ್ಡು. ‘ರೇಡಿಯಂ ಬೋರ್ಡು’ ಎಂದು ಅಂಗಡಿಯವರು ತೋರಿಸುವುದು ಸಾಮಾನ್ಯವಾಗಿ ಟೈಪ್ 1 ಅಥವಾ ಅದಕ್ಕೂ ಕಡಿಮೆ. ಕೊಟೇಷನ್‌ನಲ್ಲಿ ಟೈಪ್ ಸಂಖ್ಯೆ, ಹಾಳೆ ತಯಾರಿಸಿದ ಕಂಪನಿ, ಎಷ್ಟು ವರ್ಷದ ವಾರಂಟಿ ಎಂದು ಬರೆಸಿಕೊಳ್ಳಿ.

ಪರೀಕ್ಷೆ ಸುಲಭ. ಕತ್ತಲಲ್ಲಿ ಬೋರ್ಡಿನಿಂದ 15 ಹೆಜ್ಜೆ ದೂರ ನಿಂತು ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಬೆಳಕು ಬಿಡಿ. ಟಾರ್ಚ್ ಸೊಂಟದ ಹತ್ತಿರ ಇದ್ದರೆ ಪರೀಕ್ಷೆ ಸರಿಬರುವುದಿಲ್ಲ, ಬೆಳಕು ಬಂದ ದಾರಿಯಲ್ಲೇ ಹಿಂತಿರುಗುವುದು ಈ ಹಾಳೆಯ ಗುಣ. ಕೆಂಪು ವೃತ್ತ ಕೆಂಪಾಗಿಯೇ ಹೊಳೆಯಬೇಕು. ಕಪ್ಪಾಗಿ ಕಂಡರೆ ಪಾರದರ್ಶಕ ಶಾಯಿಯ ಬದಲು ಸಾದಾ ಸ್ಟಿಕ್ಕರ್ ಅಂಟಿಸಿದ್ದಾರೆ ಎಂದರ್ಥ. ಹತ್ತಿರದಿಂದ ನೋಡಿದರೆ ಟೈಪ್ 4ರಲ್ಲಿ ಜೇನುಗೂಡಿನಂಥ ಅಥವಾ ವಜ್ರಾಕೃತಿಯ ನೇಯ್ಗೆ ಕಾಣುತ್ತದೆ, ಟೈಪ್ 1 ನುಣುಪು.

ಹಿಂದಿನ ತಗಡು ಅಲ್ಯುಮಿನಿಯಂ ಆಗಿರಲಿ ಅಥವಾ ಎಸಿಪಿ ಎಂದು ಕರೆಯುವ ಪದರ ಹಲಗೆಯಾಗಿರಲಿ, ಕಬ್ಬಿಣ ಬೇಡ. ಬೋಲ್ಟ್ ತೂತಿನಿಂದ ತುಕ್ಕು ಹಾಳೆಯ ಕೆಳಗೆ ಹರಡುತ್ತದೆ. ಬೋಲ್ಟ್ ತಲೆಯ ಕೆಳಗೆ ನೈಲಾನ್ ವಾಷರ್ ಹಾಕಿಸಿ. ಅಲ್ಯುಮಿನಿಯಂ ಕಳುವಾಗುವ ಜಾಗಗಳಲ್ಲಿ ಎಸಿಪಿ ವಾಸಿ, ಗುಜರಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಬೋರ್ಡಿನ ಕೆಳ ಅಂಚು ನೆಲದಿಂದ ಏಳಡಿ ಮೇಲಿರಲಿ, ಇಲ್ಲದಿದ್ದರೆ ಫುಟ್‌ಪಾತಿನಲ್ಲಿ ನಡೆಯುವವರ ಹಣೆಗೆ ತಾಗುತ್ತದೆ. ಬೋರ್ಡು, ನೆಲದೊಳಗಿನ ಎರಡಡಿ ಎಲ್ಲ ಸೇರಿ ಹನ್ನೊಂದೂವರೆ ಅಡಿ ಜಿಐ ಪೈಪ್ ಬೇಕು. ಗುಂಡಿ 45 x 45 ಸೆಂ.ಮೀ., ಆಳ 60 ಸೆಂ.ಮೀ., ತುಂಬ ಕಾಂಕ್ರೀಟ್. ಪೈಪಿನ ಬುಡದಲ್ಲಿ ಒಂದು ಅಡ್ಡ ಸರಳು ಬೆಸೆಯಿರಿ. ಅದಿಲ್ಲದಿದ್ದರೆ ಕಂಬ ಕಾಂಕ್ರೀಟಿನೊಳಗೇ ತಿರುಗಿ, ಬೋರ್ಡು ಮನೆಯ ಕಾಂಪೌಂಡಿಗೆ ಮುಖ ಮಾಡುತ್ತದೆ. ಹಂಪಿನ ತ್ರಿಕೋನ ಎಚ್ಚರಿಕೆ ಫಲಕ ಮೊದಲ ಹಂಪಿಗಿಂತ 40 ಮೀಟರ್ ಮುಂಚೆ ಬರಬೇಕು. ಜಾಗ ಗುರುತಿಸುವಾಗ ಮರ ನೋಡಿ. ಹೊಂಗೆ ಎಲೆ ಉದುರಿದ ದಿನಗಳಲ್ಲಿ ಚೆನ್ನಾಗಿ ಕಂಡ ಬೋರ್ಡು, ಏಪ್ರಿಲ್ ಹೊತ್ತಿಗೆ ಹೊಸ ಚಿಗುರಿನ ಹಿಂದೆ ಮರೆಯಾಗಿರುತ್ತದೆ.

‘30’ರ ಕೆಂಪು ವೃತ್ತದ ಬಗ್ಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ವೇಗಮಿತಿ ಇಳಿಸುವುದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು, ಅಧಿಸೂಚನೆಯ ಮೂಲಕ. ಸಂಘ ತಾನೇ ನೆಟ್ಟ ವೃತ್ತಕ್ಕೆ ದಂಡ ಹಾಕುವ ಬಲವಿಲ್ಲ. ಸಂಘದ ಖರ್ಚಿನ ಬೋರ್ಡಿನಲ್ಲಿ ‘ಮಕ್ಕಳು ಆಡುವ ರಸ್ತೆ, ನಿಧಾನ’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸುವುದೇ ಪ್ರಾಮಾಣಿಕ. ಅಧಿಕೃತ ವೃತ್ತವನ್ನು ಸಂಚಾರ ಪೊಲೀಸರಿಂದಲೇ ಹಾಕಿಸಿ. ವೇಗ ಇಳಿಸುವ ವಿಷಯದಲ್ಲಿ ಬೋರ್ಡಿಗೆ ನಾವು ಹೆಚ್ಚು ಅಂಕ ಕೊಡಲಾರೆವು, ಅದು ಹಂಪಿನ ಜೊತೆಗಾರ. ಹಂಪಿದೆ ಎಂದು ಮುಂಚೆಯೇ ತಿಳಿಸಿ ಬೀಳುವವರನ್ನು ಉಳಿಸುತ್ತದೆ, ಅದಕ್ಕಾಗಿ ಬೇಕೇ ಬೇಕು.

ಉಳಿದ ಸಾಮಾನುಗಳು

ಉಬ್ಬುಗನ್ನಡಿ ಒಳ್ಳೆಯ ಖರೀದಿ, ಎತ್ತರದ ಕಾಂಪೌಂಡ್ ಇರುವ ಕುರುಡು ತಿರುವುಗಳಿಗೆ ಮಾತ್ರ. 600 ಮಿ.ಮೀ. ಕನ್ನಡಿ ಗೇಟಿಗೆ, 800 ಅಥವಾ 1000 ಮಿ.ಮೀ. ರಸ್ತೆ ತಿರುವಿಗೆ. ಗಾಜು ಬೇಡ, ಕ್ರಿಕೆಟ್ ಚೆಂಡಿಗೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ತಗೊಳ್ಳಿ, ಬಿಸಿಲಿಗೆ ಹಳದಿಯಾಗದಂಥ ಯುವಿ ಲೇಪನ ಇದೆಯೇ ಎಂದು ಕೇಳಿ. ಕನ್ನಡಿಯಲ್ಲಿ ಗಾಡಿ ಚಿಕ್ಕದಾಗಿ, ದೂರದಲ್ಲಿ ಇರುವಂತೆ ಕಾಣುತ್ತದೆ, ಹಾಗಾಗಿ ‘ಇನ್ನೂ ದೂರ ಇದೆ’ ಎಂದು ನುಗ್ಗುವ ಅಪಾಯವಿದೆ. ಡಿಸೆಂಬರ್ ಬೆಳಗಿನ ಇಬ್ಬನಿಗೆ ಮಸುಕಾಗುತ್ತದೆ. ತಿಂಗಳಿಗೊಮ್ಮೆ ಒರೆಸುವವರು ಯಾರೆಂದು ಮೊದಲೇ ಗೊತ್ತುಮಾಡಿ.

ಸೋಲಾರ್ ಮಿಣುಕುದೀಪ ಮರದ ನೆರಳಿನಲ್ಲಿ ಕೆಲಸ ಮಾಡದು, ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ಮೊದಲು ಸಾಯುವುದು ಬ್ಯಾಟರಿ. ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಬಿಚ್ಚಿ ಬದಲಿಸಲು ಬರುವ ಪೆಟ್ಟಿಗೆ, ಎರಡೂ ಇದ್ದರೆ ಕೊಳ್ಳಿ. ಮಲಗುವ ಕೋಣೆಯ ಕಿಟಕಿಗೆ ಬೆಳಕು ಬೀಳದಂತೆ ಕೂರಿಸಿ.

ಕ್ಯಾಟ್ ಐ (ರಸ್ತೆಯ ಮೇಲೆ ಕೂರಿಸುವ ಹೊಳೆಯುವ ಗುಬುಟು) ಹಂಪಿನ ಮೈಮೇಲೆ ಎಂದೂ ಬೇಡ, ಒದ್ದೆಯಲ್ಲಿ ಬೈಕ್ ಜಾರುತ್ತದೆ. ಹಂಪಿಗೆ ಮುಂಚೆ ರಸ್ತೆಯ ಅಂಚಿನಲ್ಲಿ, ಕೆಳಗೆ ಕಾಲಿರುವ ಮಾದರಿಯನ್ನು ಎಪಾಕ್ಸಿ ತುಂಬಿದ ತೂತಿನಲ್ಲಿ ಕೂರಿಸಿದರೆ ಬಾಳುತ್ತದೆ. ರಂಬಲ್ ಪಟ್ಟಿಗಳು (ರಸ್ತೆಗೆ ಅಡ್ಡಲಾಗಿ ಸಾಲಾಗಿ ಹಾಕುವ ತೆಳು ಉಬ್ಬುಗಳು) ಮನೆಗಳ ನಡುವೆ ಸಲ್ಲವು, ರಾತ್ರಿಯಿಡೀ ಗರಗರ.

ಗಾಡಿಯ ವೇಗ ತೋರಿಸುವ ರೇಡಾರ್ ಫಲಕ ಎಲ್ಲಕ್ಕಿಂತ ದುಬಾರಿ. ಹೊಸತರಲ್ಲಿ ಜನ ಅಂಕಿ ನೋಡಿ ಕಾಲು ತೆಗೆಯುತ್ತಾರೆ, ದಿನ ಕಳೆದಂತೆ ಅಭ್ಯಾಸವಾಗುತ್ತದೆ. ಹಂಪ್ ಹಾಕಲು ಬಾರದ ಬಸ್ ಮಾರ್ಗವಿದ್ದರೆ ಯೋಚಿಸಿ, ಅದೂ ಜಾಗ ಬದಲಿಸಬಹುದಾದ ಮಾದರಿಯನ್ನು.

ಅನುಮತಿ

ಪಾಲಿಕೆಗೆ ಹಸ್ತಾಂತರವಾದ ರಸ್ತೆಯಲ್ಲಿ ಸಂಘ ತಾನೇ ಹಂಪ್ ಹಾಕುವಂತಿಲ್ಲ. ವಾರ್ಡಿನ ಎಂಜಿನಿಯರ್‌ಗೆ ಮತ್ತು ಆ ಪ್ರದೇಶದ ಸಂಚಾರ ಪೊಲೀಸ್ ಠಾಣೆಗೆ ಒಂದೇ ಅರ್ಜಿಯ ಎರಡು ಪ್ರತಿ ಕೊಡಿ. ರಸ್ತೆಯ ನಕ್ಷೆ, ಹಂಪ್ ಬೇಕಾದ ಜಾಗಗಳು, 85ನೇ ಗಾಡಿಯ ವೇಗ, ಐಆರ್‌ಸಿ 99ರ ಅಳತೆಯ ಒಂದು ಚಿತ್ರ, ಬೋರ್ಡಿನ ಜಾಗಗಳು, ಇಷ್ಟು ಲಗತ್ತಿಸಿ. ಎರಡೂ ಕಡೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಖಾಸಗಿ ಬಡಾವಣೆಯೊಳಗಾದರೆ ಸಂಘದ ಸಭೆಯ ನಿರ್ಣಯ ಸಾಕು, ಅಳತೆ ಮಾತ್ರ ಅದೇ ಇರಲಿ.

ಹಂಪ್ ಬಿದ್ದ ಎರಡು ವಾರಕ್ಕೆ, ಎರಡು ಹಂಪುಗಳ ನಡುವಿನ ಜಾಗದಲ್ಲಿ ಅದೇ 25 ಮೀಟರ್ ಗೆರೆ ಎಳೆದು, ಅದೇ ಹೊತ್ತಿನಲ್ಲಿ ಮತ್ತೆ ನೂರು ಗಾಡಿ ಎಣಿಸಿ. 85ನೆಯದು ಇನ್ನೂ 3 ಸೆಕೆಂಡಿಗಿಂತ ಬೇಗ ದಾಟುತ್ತಿದ್ದರೆ ಮೊದಲು ಹಂಪಿನಿಂದ ಹಂಪಿಗೆ ಟೇಪ್ ಹಿಡಿಯಿರಿ, 120 ಮೀಟರ್ ಮೀರಿರಬಹುದು. ಅಂತರ ಸರಿ ಇದ್ದರೆ ಪ್ಲೈವುಡ್ ಅಚ್ಚನ್ನು ಹಂಪಿನ ಮೇಲಿಟ್ಟು ನೋಡಿ, 10 ಸೆಂ.ಮೀ. ಎಂದು ಬಿಲ್ಲು ಬರೆದದ್ದು ರೋಲರ್ ಕೆಳಗೆ ಆರೋ ಏಳೋ ಆಗಿ ಕೂತಿರುತ್ತದೆ.